ಮಂದದೀಪದ ಮನೆ

ಸಂಜೆ ಹೊತ್ತು ಮುಳುಗುವ ವೇಳೆಗೆ ದೇವರ ಮುಂದೆ ಎಣ್ಣೆಯ ದೀಪವನ್ನು ಹಚ್ಚಿ ನಮಸ್ಕರಿಸಿ, ಅಲ್ಲಿಂದ ನಡುಮನೆಗೆ ಬಂದು ಗೋಡೆಯ ಸ್ವಿಚ್ಚನ್ನು ಒತ್ತಿ, ಹೊತ್ತಿಕೊಂಡ ವಿದ್ಯುದ್ದೀಪಕ್ಕೂ ಅದೇ ಶ್ರದ್ಧೆಯಿಂದ ಕೈ ಮುಗಿಯುವ ಹಿರಿಯರನ್ನು ಕನ್ನಡನಾಡಿನ ಎಷ್ಟೋ ಮನೆಗಳಲ್ಲಿ ಇಂದಿಗೂ ಕಾಣಬಹುದು. ನನ್ನ ತಾಯಿಯವರು ಅಂಥವರಲ್ಲಿ ಒಬ್ಬರು. ಬಾಲ್ಯದಲ್ಲಿ ಒಮ್ಮೆ, ಶಾಲೆಯಲ್ಲಿ ಕಲಿತ ವಿಜ್ಞಾನದ ಹೊಸ ಧೈರ್ಯದಿಂದ, ಗಾಜಿನ ಬುರುಡೆಗೆ ನಮಸ್ಕಾರವೇಕೆ ಎಂದು ನಾನು ಅವರನ್ನು ಕೇಳಿದ್ದುಂಟು. "ಬುರುಡೆಗೆ ಯಾರು ಮುಗಿದರು? ಬೆಳಕು ಬಂತಲ್ಲ, ಅದಕ್ಕೆ ಮುಗಿದೆ" ಎಂದಷ್ಟೇ ಹೇಳಿ ಅವರು ಅಡಿಗೆಮನೆಗೆ ಹೋದರು. ಆ ಉತ್ತರದ ಆಳವನ್ನು ನಾನು ಅಳೆಯತೊಡಗಿದ್ದು ಎಷ್ಟೋ ವರ್ಷಗಳ ಮೇಲೆ. ಮನೆಯ ಹಳೆಯ ದೀಪಗಳನ್ನೆಲ್ಲ ತೆಗೆದು ಎಲ್‌ಇಡಿ ದೀಪಗಳನ್ನು ಹಾಕಿಸಬೇಕಾಗಿ ಬಂದು, ಯಾವ ಕೋಣೆಗೆ ಎಂಥ ಬೆಳಕು, ಎಷ್ಟು ಬೆಳಕು ಎಂಬ ಪ್ರಶ್ನೆಯನ್ನು ಹೊತ್ತು ಅಂಗಡಿಯ ಮುಂದೆ ನಿಂತಾಗ.

ಹಿಂದೆ ಈ ಪ್ರಶ್ನೆಗೆ ಎಡೆಯೇ ಇರಲಿಲ್ಲ. 1902ರಲ್ಲಿ ಶಿವನಸಮುದ್ರದ ಜಲಪಾತದಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪವಾಗಿ ಬೆಳಗಿ, ಅನಂತರದ ದಶಕಗಳಲ್ಲಿ ಒಂದೊಂದಾಗಿ ಊರುಗಳನ್ನು ಹೊಕ್ಕಿತಷ್ಟೆ. ಅಂದು ಮನೆಯೊಳಕ್ಕೆ ಬಂದ ಬಲ್ಬು ಕೊಟ್ಟದ್ದು ಒಂದೇ ಬಗೆಯ ಬೆಳಕು. ಕಾದ ತಂತಿ ಸೂಸುವ ಆ ಹೊಂಬಣ್ಣ ಹಣತೆಯ ಸೊಡರಿಗೆ ದೂರದ ನಂಟು. ಅದನ್ನು ಆರಿಸಿಕೊಳ್ಳುವ ಅಧಿಕಾರವೂ ಯಾರಿಗೂ ಇರಲಿಲ್ಲ, ಬೇರೊಂದು ಬೇಕೆಂಬ ಕೊರತೆಯೂ ಯಾರನ್ನೂ ಬಾಧಿಸಲಿಲ್ಲ. ಈಗಲಾದರೋ ಅಂಗಡಿಯವನು ಡಬ್ಬಿಗಳನ್ನು ಸಾಲಾಗಿ ಇಟ್ಟು, "ಎಷ್ಟು ವ್ಯಾಟು? ವೈಟೋ, ವಾರ್ಮೋ?" ಎಂದು ಕೇಳುತ್ತಾನೆ. ವ್ಯಾಟೆಂಬುದು ದೀಪ ತಿನ್ನುವ ವಿದ್ಯುತ್ತಿನ ಅಳತೆಯೇ ಹೊರತು ಅದು ಕೊಡುವ ಬೆಳಕಿನ ಅಳತೆಯಲ್ಲ. ಹಳೆಯ 60 ವ್ಯಾಟಿನ ಬಲ್ಬು ಬೀರುತ್ತಿದ್ದ ಸರಿಸುಮಾರು 700, 800 ಲ್ಯೂಮೆನ್ ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಇಂದು ಸುಲಭವಾಗಿ ಬೀರಬಲ್ಲುದು. ಏಕೆಂದರೆ ಹಳೆಯದು ತಾನು ಉಂಡದ್ದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಶಾಖವಾಗಿ ಚೆಲ್ಲಿಬಿಡುತ್ತಿತ್ತು. ಒಂದು ದೀಪವನ್ನು ಅದರ ಆಹಾರದಿಂದ ಅಳೆಯುವುದೋ ದಾನದಿಂದ ಅಳೆಯುವುದೋ ಎಂಬ ಈ ವಿವೇಕ ಮನುಷ್ಯರ ವಿಷಯದಲ್ಲಿಯೂ ಸಲ್ಲತಕ್ಕದ್ದೆಂದು ನನಗೆ ಅಲ್ಲಿಯೇ ತೋರಿತು.

ಬಣ್ಣದ ಮಾತು ಇನ್ನೂ ಸೂಕ್ಷ್ಮವಾದದ್ದು. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗಿ, ಮತ್ತೆ ಹಳದಿಯಾಗಿ, ಕಾವು ಏರಿದಷ್ಟೂ ಬೆಳ್ಳಗಾಗುತ್ತ ಹೋಗುವುದನ್ನು ನೋಡಿದವರಿಗೆ ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಉಷ್ಣಮಾನದಿಂದ ಏಕೆ ಹೇಳುತ್ತಾರೆಂಬುದು ಹೊಳೆಯದೆ ಇರದು. ಮೇಣದ ಬತ್ತಿಯದು ಸುಮಾರು 1900, ಹಳೆಯ ತಂತಿಬಲ್ಬಿನದು 2700, ನಮ್ಮ ಅಂಗಡಿಗಳಲ್ಲಿ ಹೇರಳವಾಗಿ ದೊರೆಯುವ ಬೆಳ್ಳನೆಯ ಎಲ್‌ಇಡಿಯದು 6500. ಶಾಸ್ತ್ರದಲ್ಲಿ ಯಾವುದರ ಉಷ್ಣಮಾನ ಕಡಿಮೆಯೋ ಅದನ್ನೇ ನಮ್ಮ ಕಣ್ಣು ಬೆಚ್ಚಗಿನದೆಂದು ಕರೆಯುತ್ತದೆ, ಏಕೆಂದರೆ ಕಣ್ಣಿನ ಸ್ಮರಣೆಯಲ್ಲಿರುವುದು ಒಲೆಯ ಕೆಂಡ, ಸಂಜೆಯ ಸೂರ್ಯ. ಇನ್ನು ಎಲ್‌ಇಡಿಯ ಬಿಳುಪಾದರೂ ಏನು? ಅದರ ಒಡಲಲ್ಲಿರುವ ಹರಳು ಹೊಮ್ಮಿಸುವುದು ನೀಲಿಯೊಂದನ್ನೇ. 1962ರಷ್ಟು ಹಿಂದೆಯೇ ಕೆಂಪು ಎಲ್‌ಇಡಿ ಕೈಗೂಡಿದ್ದರೂ, ಗ್ಯಾಲಿಯಂ ನೈಟ್ರೈಡಿನ ಹರಳಿನಿಂದ ಪ್ರಖರವಾದ ನೀಲಿಯನ್ನು ಪಡೆಯಲು ಮತ್ತೆ ಮೂವತ್ತು ವರ್ಷಗಳ ತಪಸ್ಸು ಬೇಕಾಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಆ ನೀಲಿಯ ಮೇಲೆ ಹಳದಿ ಬೆಳಕನ್ನು ಸೂಸುವ ಒಂದು ಲೇಪವನ್ನು ಹಚ್ಚುತ್ತಾರೆ. ನೀಲಿಯಲ್ಲಿ ಒಂದು ಪಾಲು ಲೇಪವನ್ನು ದಾಟಿ ಬರುತ್ತದೆ, ಒಂದು ಪಾಲು ಲೇಪದಲ್ಲಿ ಹಳದಿಯಾಗಿ ಮಾರ್ಪಡುತ್ತದೆ, ಎರಡೂ ಕೂಡಿ ಬಂದುದನ್ನು ಕಣ್ಣು ಬಿಳುಪೆಂದು ಒಪ್ಪಿಕೊಳ್ಳುತ್ತದೆ.

ಒಪ್ಪಿಕೊಳ್ಳುತ್ತದೆ ನಿಜ, ಆದರೆ ವಸ್ತುಗಳು ಒಪ್ಪುವುದಿಲ್ಲ. ಮೊದಲ ಸಲ ನಾನು ಎಲ್ಲ ಕೋಣೆಗಳಿಗೂ 6500 ಕೆಲ್ವಿನ್ನಿನ ಅಗ್ಗದ ದೀಪಗಳನ್ನೇ ತಂದು ಹಾಕಿಸಿದೆ. ಮನೆ ಬೆಳಗಿತು, ಆಸ್ಪತ್ರೆಯ ಮೊಗಸಾಲೆ ಬೆಳಗುವಂತೆ ಬೆಳಗಿತು. ಎರಡು ದಿನ ಏನೂ ಹೇಳದೆ ಇದ್ದ ತಾಯಿಯವರು ಮೂರನೆಯ ಸಂಜೆ ದೇವರ ಕೋಣೆಯಿಂದ ಹೊರಬಂದು, "ಅಮ್ಮನವರ ಹಣೆಯ ಕುಂಕುಮ ಏಕೋ ಬಾಡಿದ ಹಾಗಿದೆಯಲ್ಲ" ಎಂದರು. ಕುಂಕುಮ ಅದೇ, ಭರಣಿ ಅದೇ. ವಿಚಾರಿಸಿ ನೋಡಲಾಗಿ ತಿಳಿದುಬಂದ ಸಂಗತಿಯಿದು: ದೀಪವೊಂದು ಬಣ್ಣಗಳನ್ನು ಎಷ್ಟು ನಿಷ್ಠೆಯಿಂದ ತೋರಿಸುತ್ತದೆಂಬುದನ್ನು ಅಳೆಯುವ ಸೂಚ್ಯಂಕವನ್ನು ಎಂಟು ತಿಳಿಬಣ್ಣಗಳ ಸರಾಸರಿಯಿಂದ ಕಟ್ಟುತ್ತಾರೆ, ಗಾಢವಾದ ಕೆಂಪು ಒಂಬತ್ತನೆಯದು, ಅದು ಆ ಸರಾಸರಿಗೆ ಸೇರುವುದೇ ಇಲ್ಲ. ಆದಕಾರಣ ಡಬ್ಬಿಯ ಮೇಲೆ 80 ಎಂಬ ಗೌರವಸ್ಥವಾದ ಅಂಕವಿದ್ದರೂ ಆ ಬೆಳಕಿನಲ್ಲಿ ಕೆಂಪು ಬಡವಾಗಿರಬಹುದು. ಕುಂಕುಮ, ದಾಸವಾಳ, ಮಾಗಿದ ಟೊಮ್ಯಾಟೊ, ಮಗುವಿನ ಕೆನ್ನೆ ಎಲ್ಲವೂ ಒಂದು ಬಗೆಯ ಬೂದಿಯನ್ನು ಹೊದ್ದುಕೊಳ್ಳಬಹುದು. ದೇವರ ಕೋಣೆಗೂ ಊಟದ ಮನೆಗೂ 2700 ಕೆಲ್ವಿನ್ನಿನ, 90ಕ್ಕೂ ಮಿಕ್ಕ ಸೂಚ್ಯಂಕದ ದೀಪಗಳನ್ನು ಹುಡುಕಿ ತಂದೆ. ಬೆಲೆ ಹೆಚ್ಚಾಯಿತು, ಕುಂಕುಮಕ್ಕೆ ಕಳೆ ಬಂದಿತು.

ಇಲ್ಲಿ ನನಗೆ ವಿದ್ಯಾರಣ್ಯರ ಪಂಚದಶಿಯ ಹತ್ತನೆಯ ಪ್ರಕರಣ ನೆನಪಿಗೆ ಬರುತ್ತದೆ. ನಾಟಕದೀಪವೆಂದು ಅದರ ಹೆಸರು. ನೃತ್ಯಶಾಲೆಯಲ್ಲಿಟ್ಟ ದೀಪ ಯಜಮಾನನನ್ನೂ ಸಭಿಕರನ್ನೂ ನರ್ತಕಿಯನ್ನೂ ಭೇದವೆಣಿಸದೆ ಬೆಳಗುತ್ತದೆ. ಅವರೆಲ್ಲ ಎದ್ದುಹೋದ ಮೇಲೆಯೂ ಬರಿದಾದ ಶಾಲೆಯಲ್ಲಿ ತಾನು ಬೆಳಗುತ್ತಲೇ ಇರುತ್ತದೆ. ಅಂತೆಯೇ ಅಹಂಕಾರ, ಬುದ್ಧಿ, ವಿಷಯ ಇವುಗಳನ್ನು ಸಮನಾಗಿ ಬೆಳಗಿಸಿ, ಅವು ಲಯಗೊಂಡಾಗಲೂ ಬೆಳಗುವ ಸಾಕ್ಷಿಚೈತನ್ಯವುಂಟೆಂದು ಅಲ್ಲಿಯ ಪ್ರತಿಪಾದನೆ. ಭೇದವೆಣಿಸದ ಬೆಳಕು ಎಂಬ ಮಾತನ್ನು ನಾನು ಬಹುಕಾಲ ಸಹಜವೆಂದೇ ಓದಿಕೊಂಡಿದ್ದೆ, ದೀಪಕ್ಕೆ ಪಕ್ಷಪಾತವೆಲ್ಲಿಯದು ಎಂದು. ಕೊಳ್ಳಹೋದಾಗ ತಿಳಿಯಿತು, ದುಡ್ಡಿಗೆ ದೊರೆಯುವ ಪ್ರತಿಯೊಂದು ದೀಪಕ್ಕೂ ಪಕ್ಷಪಾತವುಂಟು. ಒಂದು ನೀಲಿಯನ್ನು ಮುದ್ದಿಸುತ್ತದೆ, ಇನ್ನೊಂದು ಕೆಂಪನ್ನು ಮರೆಯುತ್ತದೆ. ವಿದ್ಯಾರಣ್ಯರ ದೀಪ ಕೇವಲ ದೃಷ್ಟಾಂತ. ದೃಷ್ಟಾಂತವು ಎಲ್ಲಿ ಸೋಲುತ್ತದೋ ಅಲ್ಲಿಯೇ ಅದು ಹೇಳಬಂದ ವಸ್ತುವಿನ ಘನತೆ ತೆರೆದುಕೊಳ್ಳುತ್ತದೆ.

ಇನ್ನು ಡಿಮ್ಮರ್ ವಿಚಾರ. ಬೆಳಕನ್ನು ಹಿಗ್ಗಿಸಿ ಕುಗ್ಗಿಸುವ ಕಲೆ ನಮಗೆ ಹೊಸದೇನಲ್ಲ. ಹಣತೆಯಲ್ಲಿ ಬತ್ತಿಯನ್ನು ಮುಂದೆ ಸರಿಸುವುದು ಹಿಂದೆ ಎಳೆಯುವುದು, ಲಾಟೀನಿನ ಕಿವಿಯನ್ನು ತಿರುಗಿಸಿ ದೀಪ ಸಣ್ಣ ಮಾಡುವುದು, ಇವು ಮಕ್ಕಳಿಗೂ ತಿಳಿದಿದ್ದ ಕೆಲಸಗಳು. ಪೂರ್ತಿಯಾಗಿ ಆರಿಸುವುದಕ್ಕೆ ಮಾತ್ರ ನಮ್ಮ ಮನೆಯ ಹಿರಿಯರು ಆ ಮಾತನ್ನು ನಾಲಗೆಯ ಮೇಲೆ ತರುತ್ತಿರಲಿಲ್ಲ. "ದೀಪ ದೊಡ್ಡದು ಮಾಡು" ಎನ್ನುತ್ತಿದ್ದರು. ಅಮಂಗಳವನ್ನು ತಪ್ಪಿಸಲು ಹೇಳುವ ಸೌಮ್ಯೋಕ್ತಿ ಇದೆಂಬುದನ್ನು ಬಲ್ಲೆ. ಆದರೆ ಆರಿದ ದೀಪ ಇಲ್ಲವಾಗದೆ ದೊಡ್ಡದರಲ್ಲಿ ಸೇರಿತೆಂಬ ಒಂದು ನಂಬಿಕೆ ಆ ನುಡಿಯ ಒಳಗೆ ಅಡಗಿಲ್ಲವೆಂದು ಹೇಳಲಾರೆ. ವಿದ್ಯುದ್ದೀಪ ಬಂದು ಈ ನಡುವಣ ಮೆಟ್ಟಿಲುಗಳನ್ನೆಲ್ಲ ಕಿತ್ತುಹಾಕಿತು. ಇರುವುದು, ಇಲ್ಲದಿರುವುದು, ಎರಡೇ ಉಳಿದುವು. ಡಿಮ್ಮರ್ ಸ್ವಿಚ್ಚು ಲಾಟೀನಿನ ಕಿವಿಯನ್ನು ನಮ್ಮ ಗೋಡೆಗೆ ಮರಳಿ ತಂದಿದೆ ಎನ್ನಬೇಕು.

ಅದನ್ನು ಹಾಕಿಸುವಾಗ ನಾನು ಪಟ್ಟ ಪಾಡನ್ನು ಸಂಕ್ಷೇಪವಾಗಿ ಹೇಳುತ್ತೇನೆ, ಇತರರಿಗೆ ಉಪಯೋಗವಾಗಲೆಂದು. ತಂತಿಬಲ್ಬಿನ ಕಾಲದ ಡಿಮ್ಮರೊಂದು ಮನೆಯಲ್ಲಿತ್ತು, ಅದಕ್ಕೇ ಹೊಸ ಎಲ್‌ಇಡಿಯನ್ನು ಸೇರಿಸಿದೆವು. ದೀಪ ನಡುಗಿತು, ಗುಂಯ್‌ಗುಟ್ಟಿತು, ತಿಂಗಳೊಳಗೆ ಸತ್ತುಹೋಯಿತು. ಹಳೆಯ ಡಿಮ್ಮರುಗಳು ವಿದ್ಯುತ್ತಿನ ಪ್ರತಿಯೊಂದು ಅಲೆಯ ಮುಂಭಾಗವನ್ನು ಕತ್ತರಿಸಿ, ಉಳಿದ ಭಾಗವನ್ನು ಮಾತ್ರ ದೀಪಕ್ಕೆ ಬಿಡುತ್ತವೆ. ಕಾದ ತಂತಿಗೆ ಈ ಕಡಿತ ತಿಳಿಯುವುದೇ ಇಲ್ಲ, ಅದು ತನ್ನ ಕಾವಿನ ನೆನಪಿನಿಂದಲೇ ಉರಿಯುತ್ತಿರುತ್ತದೆ. ಎಲ್‌ಇಡಿಗೆ ಅಂಥ ನೆನಪಿಲ್ಲ. ಅದರ ಬುಡದಲ್ಲಿ ಡ್ರೈವರ್ ಎಂಬ ಪುಟ್ಟ ವಿದ್ಯುನ್ಮಂಡಲವಿದ್ದು, ಕತ್ತರಿಸಿದ ಅಲೆ ಅದನ್ನು ಗಾಬರಿಗೊಳಿಸುತ್ತದೆ. ಡಿಮ್ಮಬಲ್ ಎಂದು ಸ್ಪಷ್ಟವಾಗಿ ನಮೂದಿಸಿದ ಬಲ್ಬು ಬೇಕು; ಅಲೆಯ ಹಿಂಭಾಗವನ್ನು ಮೆಲ್ಲಗೆ ಕತ್ತರಿಸುವ ಟ್ರೇಲಿಂಗ್ ಎಡ್ಜ್ ಬಗೆಯ ಡಿಮ್ಮರ್ ಬಹುಮಟ್ಟಿಗೆ ಹೊಂದುತ್ತದೆ; ಡಿಮ್ಮರಿಗೆ ಕನಿಷ್ಠ ಹೊರೆ ಎಷ್ಟಿರಬೇಕೆಂಬುದನ್ನು ಓದಿಕೊಳ್ಳಬೇಕು, ಏಕೆಂದರೆ 60 ವ್ಯಾಟನ್ನು ನಿರೀಕ್ಷಿಸಿ ಕಟ್ಟಿದ ಯಂತ್ರಕ್ಕೆ 9 ವ್ಯಾಟು ಸಾಲದೆ ಹೋಗಬಹುದು. ಫ್ಯಾನಿನ ರೆಗ್ಯುಲೇಟರನ್ನು ದೀಪಕ್ಕೆ ಜೋಡಿಸುವ ಯೋಚನೆಯನ್ನಂತೂ ಬಿಡಬೇಕು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಎಲ್‌ಇಡಿಯ ಬೆಳಕನ್ನು ತಗ್ಗಿಸುವುದಕ್ಕೆ ಎರಡು ಮಾರ್ಗಗಳಿವೆಯಂತೆ. ಕೆಲವು ಡ್ರೈವರುಗಳು ಹರಳಿನೊಳಗೆ ಹರಿಯುವ ಪ್ರವಾಹವನ್ನೇ ಕಿರಿದುಗೊಳಿಸುತ್ತವೆ. ಅಲ್ಲಿ ಬೆಳಕು ನಿಜವಾಗಿಯೂ ಕ್ಷೀಣಿಸುತ್ತದೆ. ಇನ್ನು ಕೆಲವು, ದೀಪವನ್ನು ಸೆಕೆಂಡಿಗೆ ನೂರಾರು ಸಾವಿರಾರು ಸಲ ಪೂರ್ತಿಯಾಗಿ ಬೆಳಗಿಸಿ ಪೂರ್ತಿಯಾಗಿ ಆರಿಸುತ್ತವೆ. ಬೆಳಗಿದ ಕ್ಷಣ ಕಿರಿದಾಗಿ ಆರಿದ ಕ್ಷಣ ಹಿರಿದಾದಷ್ಟೂ ನಮಗೆ ಬೆಳಕು ಮಂದವಾಗಿ ತೋರುತ್ತದೆ. ಈ ಎರಡನೆಯ ಕ್ರಮದಲ್ಲಿ ಮಂದವಾದ ಬೆಳಕೆಂಬುದೇ ಎಲ್ಲಿಯೂ ಇಲ್ಲ; ಪೂರ್ಣ ಪ್ರಕಾಶ, ಪೂರ್ಣ ಅಂಧಕಾರ, ಇವೆರಡರ ಅತಿಶೀಘ್ರವಾದ ಸರದಿಯೇ ಉಂಟು. ಮಾಂದ್ಯವನ್ನು ಕಲ್ಪಿಸುವವನು ನೋಡುವವನು. ಕಣ್ಣಾದರೂ ತನ್ನದೇ ಗಣಿತವನ್ನು ಇಟ್ಟುಕೊಂಡಿದೆ. ಮಾಪಕವು ಕಾಲುಭಾಗಕ್ಕೆ ಇಳಿಯಿತೆಂದು ಹೇಳುವ ಬೆಳಕನ್ನು ಅದು ಹೆಚ್ಚುಕಡಿಮೆ ಅರ್ಧವೆಂದೇ ಎಣಿಸುತ್ತದೆ.

ಬೌದ್ಧ ದಾರ್ಶನಿಕರು ಕ್ಷಣಿಕವಾದವನ್ನು ಹೇಳುವಾಗ ದೀಪದ ಜ್ವಾಲೆಯನ್ನೇ ಬಗೆಬಗೆಯಾಗಿ ಉದಾಹರಿಸಿದರು. ಇರುಳಿನ ಮೊದಲ ಜಾವದಲ್ಲಿ ಉರಿದ ಜ್ವಾಲೆಯೂ ಕಡೆಯ ಜಾವದಲ್ಲಿ ಉರಿಯುವ ಜ್ವಾಲೆಯೂ ಒಂದೆಯೇ ಎಂಬ ಪ್ರಶ್ನೆ ಮಿಲಿಂದಪಞ್ಹದಲ್ಲಿ ಬರುತ್ತದೆ. ಒಂದೆನ್ನಲೂ ಬಾರದು, ಬೇರೆಯೆನ್ನಲೂ ಬಾರದು, ಸಂತಾನವಾಗಿ ಹರಿದು ಬಂದುದೆನ್ನಬೇಕೆಂದು ಅಲ್ಲಿಯ ಆಶಯ. ಗೋಡೆಯ ಗುಂಡಿಯನ್ನು ತಿರುಗಿಸಿದಾಗ ಆ ಪ್ರಾಚೀನ ಜ್ವಾಲೆಯ ಒಳಗುಟ್ಟು ಯಂತ್ರರೂಪವನ್ನು ತಾಳಿ ನನ್ನ ನಡುಮನೆಯಲ್ಲಿ ಕೆಲಸ ಮಾಡುತ್ತಿದೆಯೆಂಬುದನ್ನು ಅರಿತು ನಾನು ಬೆರಗಾದೆ. ಬೆಳಕು ಕ್ಷಣಕ್ಷಣಕ್ಕೂ ಹುಟ್ಟುತ್ತಿದೆ, ಸಾಯುತ್ತಿದೆ, ಅಖಂಡವೆಂದು ನಾನು ತಿಳಿದಿದ್ದೇನೆ. ವೇದಾಂತಿಗಳು ಜ್ವಾಲೆಯ ಮಟ್ಟಿಗೆ ಇದನ್ನು ಒಪ್ಪುತ್ತಾರೆ. ಸಾದೃಶ್ಯದಿಂದ ಐಕ್ಯದ ಭ್ರಾಂತಿ ಹುಟ್ಟುವುದುಂಟೆಂದು ಹೇಳುತ್ತಾರೆ. ನೋಡುವವನೂ ಹಾಗೆಯೇ ಕ್ಷಣಿಕನೆಂದಾಗ ಮಾತ್ರ ಅವರು ತಡೆಯುತ್ತಾರೆ: ನಿನ್ನೆಯದನ್ನು ಇಂದು ನೆನೆಯುವವನೊಬ್ಬ ನಿಲ್ಲದಿದ್ದರೆ, ಇದು ಅದರಂತಿದೆ ಎಂದು ಹೇಳುವವರಾರು? ನನ್ನ ಕಣ್ಣು ಆರಿದ ಕ್ಷಣಗಳನ್ನು ಕಾಣದೆ ಹೋದರೂ, ಅವು ಇದ್ದುವೆಂದು ಬುದ್ಧಿಯಿಂದ ಅರಿತು, ಕಂಡದ್ದನ್ನೂ ಕಾಣದ್ದನ್ನೂ ಒಟ್ಟಿಗೆ ಹಿಡಿದಿರುವ ಯಾವುದೋ ಒಂದು ನನ್ನಲ್ಲಿದೆ. ಅದು ಮಿಡುಕುವುದಿಲ್ಲ. ಈ ವಾದದಲ್ಲಿ ನನ್ನ ಮನಸ್ಸು ವೇದಾಂತಿಗಳ ಕಡೆಗೆ ವಾಲುತ್ತದೆ, ಬೌದ್ಧರ ತೀಕ್ಷ್ಣತೆಗೆ ತಲೆಬಾಗಿಯೇ.

ಈಗ ಮೂಲ ಪ್ರಶ್ನೆಗೆ ಬರಬೇಕು. ದೀಪವನ್ನು ತಗ್ಗಿಸಿದಾಗ ಕೋಣೆಯಲ್ಲಿ ಹೆಚ್ಚಿದ್ದು ಏನು? ಬೆಳಕು ಕಡಿಮೆಯಾಯಿತು ಎನ್ನುವುದಷ್ಟೇ ಸಾಕೋ, ಕತ್ತಲೆ ಎಂಬುದೊಂದು ಬಂದು ಸೇರಿತು ಎನ್ನಬೇಕೋ? ನಮ್ಮ ದರ್ಶನಕಾರರು ಇದನ್ನು ಶತಮಾನಗಳ ಕಾಲ ಚರ್ಚಿಸಿದ್ದಾರೆ. ವೈಶೇಷಿಕರಿಗೆ ಕತ್ತಲೆ ತೇಜಸ್ಸಿನ ಅಭಾವ ಮಾತ್ರ. ಭಾಟ್ಟ ಮೀಮಾಂಸಕರಿಗೆ ಅದು ದ್ರವ್ಯ. ಅದಕ್ಕೆ ಕಪ್ಪೆಂಬ ರೂಪವಿದೆ, ದೀಪವನ್ನು ಹಿಡಿದು ನಡೆದರೆ ನೆರಳು ನಡೆಯುವುದರಿಂದ ಚಲನೆಯೂ ಇದೆ. ರೂಪವುಳ್ಳ ದ್ರವ್ಯವನ್ನು ನೋಡಲು ಕಣ್ಣಿಗೆ ಬೆಳಕು ಬೇಕಷ್ಟೆ, ಬೆಳಕಿಲ್ಲದಿದ್ದಾಗಲೇ ಕಾಣುವ ಇದನ್ನು ದ್ರವ್ಯವೆನ್ನುವುದೆಂತು ಎಂದು ನೈಯಾಯಿಕರ ಪ್ರತಿವಾದ. ತತ್ತ್ವಾರ್ಥಸೂತ್ರವನ್ನು ಅನುಸರಿಸುವ ಜೈನರು ತಮಸ್ಸನ್ನೂ ಛಾಯೆಯನ್ನೂ ಪುದ್ಗಲದ, ಎಂದರೆ ಜಡದ್ರವ್ಯದ, ಪರಿಣಾಮಗಳಲ್ಲಿ ಎಣಿಸುತ್ತಾರೆ. ಮಾಧ್ವ ಸಂಪ್ರದಾಯದ ದ್ರವ್ಯಗಳ ಪಟ್ಟಿಯಲ್ಲಿ ಅಂಧಕಾರಕ್ಕೆ ತನ್ನದೇ ಸ್ಥಾನವಿದೆ. ದೀಪದಂಗಡಿಯವನು ಅರಿಯದೆಯೇ ವೈಶೇಷಿಕ. ಅವನ ದೃಷ್ಟಿಯಲ್ಲಿ ಕತ್ತಲೆಯೆಂದರೆ ಇನ್ನೂ ಮಾರಾಟವಾಗದ ಬೆಳಕು.

ಇವೆಲ್ಲದರಲ್ಲಿ ನನ್ನ ಮನೆಯ ಪ್ರಶ್ನೆಯನ್ನೇ ಮುಂಗಂಡು ಬರೆದಂತೆ ತೋರುವುದು ಪದ್ಮಪಾದಾಚಾರ್ಯರ ಪಂಚಪಾದಿಕೆಯ ಆರಂಭದ ಒಂದು ಭಾಗ. ಶಂಕರರು ಬ್ರಹ್ಮಸೂತ್ರಭಾಷ್ಯದ ಬಾಗಿಲಲ್ಲಿಯೇ, ಅರಿಯುವ ಆತ್ಮನಿಗೂ ಅರಿಯಲ್ಪಡುವ ಜಗತ್ತಿಗೂ ಬೆಳಕು ಕತ್ತಲೆಗಳಿಗಿರುವಂಥ ವಿರೋಧವೆಂದು ಹೇಳಿದರಷ್ಟೆ. ಅವರ ಶಿಷ್ಯರಾದ ಪದ್ಮಪಾದರು ಅಲ್ಲಿ ನಿಂತು ಕೇಳುತ್ತಾರೆ: ವಿರೋಧವೆಂದರೆ ಏನು? ಒಂದು ಇದ್ದಲ್ಲಿ ಇನ್ನೊಂದು ಇರಲಾರದು ಎಂದೇ? ಹಾಗೆನ್ನಲು ಬಾರದು; ದೀಪ ಮಂದವಾಗಿರುವ ಮನೆಯಲ್ಲಿ ವಸ್ತುಗಳು ಅಸ್ಪಷ್ಟವಾಗಿ ಕಾಣುತ್ತವೆ, ಬೆಳಕು ಚೆನ್ನಾಗಿರುವೆಡೆ ಸ್ಪಷ್ಟವಾಗಿ ಕಾಣುತ್ತವೆ; ಇದರಿಂದ ಆ ಮಂದದೀಪದ ಮನೆಯಲ್ಲಿ ಬೆಳಕಿನ ಜೊತೆಗೆ ಕತ್ತಲೆಯೂ ತುಸು ಉಳಿದುಕೊಂಡಿದೆಯೆಂದು ತಿಳಿಯಬೇಕಾಗುತ್ತದೆ; ನೆರಳಿನಲ್ಲಿಯೂ ಹೆಚ್ಚುಕಡಿಮೆಯಾಗಿ ಬಿಸಿ ತಾಗುವುದರಿಂದ ಬಿಸಿಲು ಅಲ್ಲಿಯೂ ಇದೆಯೆಂದು ತಿಳಿಯುವುದಿಲ್ಲವೆ, ಹಾಗೆ. ಆದ್ದರಿಂದ ವಿರೋಧವೆಂದರೆ ಒಂದೆಡೆ ಇರಲಾರದ ವಿರೋಧವಲ್ಲ. ಬೆಳಕು ಎಂದಿಗೂ ಕತ್ತಲೆ ಆಗಲಾರದು, ಕತ್ತಲೆ ಎಂದಿಗೂ ಬೆಳಕು ಆಗಲಾರದು, ಇದೇ ವಿರೋಧ.

ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ, ಎಣ್ಣೆ ತೀರುತ್ತ ಬಂದ ಯಾವ ಹಣತೆಯ ಬೆಳಕಿನಲ್ಲಿ ಕುಳಿತು ಆ ಮಹಾನುಭಾವರಿಗೆ ಈ ಯುಕ್ತಿ ಹೊಳೆಯಿತೋ! ನಮ್ಮ ಡಿಮ್ಮರ್ ಅದಕ್ಕೆ ವ್ಯಾಖ್ಯಾನ ಬರೆದಂತಿದೆ. ಮಿಡಿದು ಮಿಡಿದು ಬೆಳಗುವ ಎಲ್‌ಇಡಿಯ ಮಂದವಾದ ಕೋಣೆಯಲ್ಲಿ ಬೆಳಕೂ ಕತ್ತಲೆಯೂ ಅಕ್ಷರಶಃ ಜೊತೆಯಾಗಿ ವಾಸಿಸುತ್ತಿವೆ, ಒಂದು ಇನ್ನೊಂದಾಗದೆ, ಬೆರೆತು ಮೂರನೆಯದೊಂದನ್ನು ಹುಟ್ಟಿಸದೆ. ಮನುಷ್ಯನ ಬಾಳು ಇಂಥ ಕೋಣೆಯೆಂದು ನನಗೆ ಅನ್ನಿಸುತ್ತದೆ. ನಾವು ಪೂರ್ಣ ಜ್ಞಾನಿಗಳಲ್ಲ, ಪೂರ್ಣ ಅಜ್ಞರೂ ಅಲ್ಲ. ಹಗ್ಗದಲ್ಲಿ ಹಾವನ್ನು ಕಾಣುವ ಪ್ರಸಿದ್ಧ ಭ್ರಾಂತಿಯಾದರೂ ಕಗ್ಗತ್ತಲೆಯಲ್ಲಿ ಸಂಭವಿಸದು, ಅಲ್ಲಿ ಏನೂ ಕಾಣುವುದೇ ಇಲ್ಲ, ನಡುಹಗಲಿನಲ್ಲಿಯೂ ಸಂಭವಿಸದು, ಅದಕ್ಕೆ ಮಂದಾಂಧಕಾರವೇ ಬೇಕು. ತಪ್ಪು ತಿಳಿಯುವುದಕ್ಕೂ ಒಂದಿಷ್ಟು ಬೆಳಕು ಅಗತ್ಯ. ಆ ಬೆಳಕಿನಿಂದಲೇ ನಾವು ತಪ್ಪುತ್ತೇವೆ, ಅದನ್ನೇ ಸ್ವಲ್ಪ ಏರಿಸಿಕೊಂಡು ತಿದ್ದಿಕೊಳ್ಳುತ್ತೇವೆ.

ಆದುದರಿಂದ ಹಗ್ಗ ಹಾವಾಗಬಾರದ ಜಾಗಗಳಲ್ಲಿ ಮಾಂದ್ಯಕ್ಕೆ ಎಡೆಗೊಡಲಾಗದು. ಮೆಟ್ಟಿಲಿಗೆ, ಬಚ್ಚಲಿಗೆ, ಔಷಧದ ಬೀರುವಿಗೆ, ಈಳಿಗೆಮಣೆಯಿರುವ ಅಡಿಗೆಕಟ್ಟೆಗೆ ನಾನು ಡಿಮ್ಮರ್ ಹಾಕಿಸಲಿಲ್ಲ. ಅಲ್ಲಿ 4000 ಕೆಲ್ವಿನ್ನಿನ ನೇರವಾದ ನಿಚ್ಚಳ ಬೆಳಕು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ಪಾಪೆ ಕಿರಿದಾಗಿ, ಮಗನಿಗೆ ಸಾಕಾದ ಬೆಳಕು ತಾಯಿಗೆ ಸಾಲದೆ ಹೋಗುತ್ತದೆ. ಮನೆಯ ಬೆಳಕನ್ನು ತನ್ನ ಕಣ್ಣಿನಿಂದಲೇ ಅಳೆಯುವ ಯಜಮಾನ ಅರಿಯದೆಯೇ ಹಿಂಸೆಗೆ ಭಾಗಿಯಾಗುತ್ತಾನೆ. ಮಲಗುವ ಕೋಣೆಯ ಧರ್ಮ ಬೇರೆ. ಅಕ್ಷಿಪಟಲದಲ್ಲಿ ರೂಪವನ್ನು ನೋಡುವ ಜೀವಕೋಶಗಳಲ್ಲದೆ, ಹಗಲು ಇರುಳುಗಳನ್ನು ಅರಿತು ಮೆದುಳಿಗೆ ಸುದ್ದಿ ಮುಟ್ಟಿಸುವ ಬೇರೆ ಜೀವಕೋಶಗಳೂ ಇವೆಯೆಂದು ಈ ಶತಮಾನದ ಆರಂಭದಲ್ಲಿ ಗೊತ್ತಾಯಿತು. ಅವು ನೀಲಿಗೆ ಹೆಚ್ಚಾಗಿ ಸ್ಪಂದಿಸುತ್ತವೆ. ರಾತ್ರಿ ಹತ್ತು ಗಂಟೆಗೆ ತಲೆಯ ಮೇಲೆ 6500 ಕೆಲ್ವಿನ್ ಉರಿಯುತ್ತಿದ್ದರೆ ದೇಹವು ಹಗಲೆಂದೇ ಬಗೆದು ನಿದ್ರೆಯನ್ನು ಹಿಂದೂಡುತ್ತದೆ. ದೇಹಕ್ಕೂ ಕತ್ತಲೆ ಅಭಾವವಲ್ಲ, ಅದೊಂದು ಆಹಾರ.

ಹೀಗೆ ಕತ್ತಲೆಯನ್ನು ಹೊಗಳುತ್ತಿರುವಾಗ ನನ್ನ ಲೇಖನಿ ಒಂದೆಡೆ ತಡೆಯುತ್ತದೆ. ನಮ್ಮ ನಾಡಿನಲ್ಲಿ ಭಾಗ್ಯಜ್ಯೋತಿ ಎಂಬ ಯೋಜನೆಯಡಿ ಬಡವರ ಗುಡಿಸಲಿಗೆ 40 ವ್ಯಾಟಿನ ಒಂದೇ ಒಂದು ಬಲ್ಬು ಬಂದಾಗ, ಆ ಹೆಸರಿನಲ್ಲಿದ್ದ ಭಾಗ್ಯವೆಂಬ ಮಾತು ಅತಿಶಯೋಕ್ತಿಯಾಗಿರಲಿಲ್ಲ. ಸೀಮೆಎಣ್ಣೆಯ ಬುಡ್ಡಿಯ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಓದಿದವರು, ಕತ್ತಲೆಯಲ್ಲಿ ಹೆರಿಗೆ ಮಾಡಿಸಿದವರು, ಹುಳುಹುಪ್ಪಟೆಗೆ ಹೆದರಿ ಮಗುವನ್ನು ಎದೆಗವಚಿಕೊಂಡು ಕುಳಿತವರು, ಇವರ ಮುಂದೆ ನಿಂತು ಮಂದಪ್ರಕಾಶದ ಮಹಿಮೆಯನ್ನು ಹಾಡುವ ಎದೆ ನನಗಿಲ್ಲ. 2015ರ ಕೊನೆಯಲ್ಲಿ ಹೊಸ ಬೆಳಕು ಎಂಬ ಹೆಸರಿನಿಂದ 9 ವ್ಯಾಟಿನ ಎಲ್‌ಇಡಿ ಬಲ್ಬುಗಳನ್ನು ಕಡಿಮೆ ಬೆಲೆಗೆ ಹಂಚಿದಾಗ ಸಾಲಿನಲ್ಲಿ ನಿಂತವರಿಗೆ ಬೇಕಾಗಿದ್ದುದು ಬೆಳಕು, ತತ್ತ್ವವಲ್ಲ. ಗುಂಡಿಯನ್ನು ತಿರುಗಿಸಿ ಏರಿಸಬಲ್ಲವನು ಮಾತ್ರ ಇಳಿಸುವುದನ್ನು ಕುರಿತು ಮಾತನಾಡಬಹುದು. ಹೇರಿದ ಕತ್ತಲೆ ಬೇರೆ, ಆರಿಸಿಕೊಂಡ ಕತ್ತಲೆ ಬೇರೆ. ಉಪವಾಸಕ್ಕೂ ಹಸಿವಿಗೂ ಇರುವ ಅಂತರವೇ ಇಲ್ಲಿಯೂ ಇರುವುದು.

ಆರಿಸಿಕೊಂಡ ಕತ್ತಲೆಯ ಪಾಠವನ್ನು ನಮ್ಮ ಶಿಲ್ಪಿಗಳು ಬಲ್ಲವರಾಗಿದ್ದರು. ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಹೊರಗೋಡೆಯ ಮೇಲೆ ಬಿಸಿಲು ಉಕ್ಕುತ್ತಿರುತ್ತದೆ. ನವರಂಗಕ್ಕೆ ಕಾಲಿಟ್ಟರೆ ಜಾಲಂಧ್ರಗಳು ಸೋಸಿ ಕೊಟ್ಟಷ್ಟೇ ಬೆಳಕು. ಗರ್ಭಗೃಹದ ಬಾಗಿಲಿಗೆ ಬಂದರೆ ದೀಪದ ಸೊಡರು ಮಾತ್ರ. ಹೆಜ್ಜೆಹೆಜ್ಜೆಗೂ ಬೆಳಕು ಇಳಿಯುತ್ತದೆ, ಗಮನ ಏರುತ್ತದೆ. ಇಡೀ ದೇವಾಲಯವೇ ಮನುಷ್ಯನ ನಡಿಗೆಯಿಂದ ತಿರುಗುವ ಒಂದು ಡಿಮ್ಮರ್ ಎಂದರೆ ಅಗೌರವವಾಗದೆಂದು ನಂಬುತ್ತೇನೆ. ನಂದಾದೀವಿಗೆಗೆಂದು ಭೂಮಿಯನ್ನೂ ಗಾಣದ ಎಣ್ಣೆಯನ್ನೂ ದತ್ತಿ ಬಿಟ್ಟ ಶಾಸನಗಳು ನಮ್ಮಲ್ಲಿ ಹೇರಳ. ಆ ದಾನಿಗಳು ಶಾಶ್ವತವಾಗಿ ಉರಿಯಲೆಂದು ಬಯಸಿದ್ದು ಕತ್ತಲೆಯ ನಡುವಣ ಒಂದು ಸಣ್ಣ ದೀಪವನ್ನು. ಅಲ್ಲಮಪ್ರಭು ತನ್ನ ದೈವವನ್ನು ಗುಹೇಶ್ವರನೆಂದು ಕರೆದ. ಗುಹೆಯ ಒಡೆಯನನ್ನು ಕಾಣಬೇಕಾದವನು ಗುಹೆಗೆ ಹೋಗಬೇಕು. ಈಗ ಎಷ್ಟೋ ಗುಡಿಗಳಲ್ಲಿ ಗರ್ಭಗೃಹದೊಳಗೇ ಬೆಳ್ಳನೆಯ ಎಲ್‌ಇಡಿ ಪಟ್ಟಿಗಳನ್ನು ಅಂಟಿಸಿ, ದೇವರ ಮುಖವನ್ನು ಬಟ್ಟೆಯಂಗಡಿಯ ಗಾಜಿನಂತೆ ಬೆಳಗಿಸಿದ್ದಾರೆ. ಭಕ್ತರಿಗೆ ಚೆನ್ನಾಗಿ ಕಾಣಲೆಂಬ ಸದುದ್ದೇಶ ಅದು, ಅಲ್ಲಗಳೆಯಲಾರೆ. ಆದರೆ ಮಂಗಳಾರತಿಯ ಕರ್ಪೂರ ಮೇಲೇರಿ ಬಂದಾಗ ಮೂರ್ತಿಯ ಕಣ್ಣು, ಕಪೋಲ, ಮುಗುಳ್ನಗೆ ಒಂದೊಂದಾಗಿ ಕತ್ತಲೆಯಿಂದ ಎದ್ದು ಬರುತ್ತಿದ್ದ ಆ ಕ್ಷಣವನ್ನು ನಾವು ಕಳೆದುಕೊಂಡಿದ್ದೇವೆ. ಆ ನಷ್ಟ ನನ್ನನ್ನು ನೋಯಿಸುತ್ತದೆ.

ಬೃಹದಾರಣ್ಯಕದಲ್ಲಿ ಜನಕರಾಜ ಯಾಜ್ಞವಲ್ಕ್ಯರನ್ನು ಕೇಳುವ ಪ್ರಶ್ನೆಯೂ ದೀಪಗಳನ್ನು ಒಂದೊಂದಾಗಿ ತಗ್ಗಿಸುವ ಕ್ರಮದಲ್ಲಿಯೇ ಸಾಗುತ್ತದೆ. ಮನುಷ್ಯನಿಗೆ ಯಾವುದು ಬೆಳಕು? ಸೂರ್ಯ. ಸೂರ್ಯ ಮುಳುಗಿದ ಮೇಲೆ? ಚಂದ್ರ. ಚಂದ್ರನೂ ಮುಳುಗಿದ ಮೇಲೆ ಅಗ್ನಿ, ಅಗ್ನಿಯೂ ಆರಿದ ಮೇಲೆ ಮಾತು; ಕೈ ಕಾಣದ ಕತ್ತಲೆಯಲ್ಲಿಯೂ ದನಿ ಬಂದತ್ತ ನಡೆಯಬಹುದಲ್ಲವೆ. ಮಾತೂ ಅಡಗಿದ ಮೇಲೆ ಆತ್ಮವೇ ಬೆಳಕು. ಹಿಂದಿನ ದೀಪ ಆರುವ ತನಕ ಮುಂದಿನ ದೀಪದ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಎಲ್ಲ ದೀಪಗಳನ್ನೂ ಸದಾ ಪೂರ್ಣವಾಗಿ ಉರಿಸಿಕೊಂಡಿರುವ ಮನೆಯಲ್ಲಿ ಜನಕನ ಎರಡನೆಯ ಪ್ರಶ್ನೆ ಹುಟ್ಟಲು ಅವಕಾಶವೆಲ್ಲಿ?

ನಮ್ಮ ದೇವರ ಕೋಣೆ ನಡುಮನೆಗೆ ತಾಗಿಕೊಂಡಿದೆ. ನಡುಮನೆಗೆ ಪ್ರಖರವಾದ ದೀಪ ಬಂದಂದಿನಿಂದ ಎಣ್ಣೆಯ ದೀಪದ ಬೆಳಕು ಹೊಸ್ತಿಲಿನಲ್ಲಿಯೇ ನಿಂತುಹೋಗಿತ್ತು. ಒಳಗೆ ದೀಪವಿದೆಯೆಂಬುದು ಒಳಗೆ ಹೋದವರಿಗೆ ಮಾತ್ರ ತಿಳಿಯುತ್ತಿತ್ತು. ಹೊಸ ಡಿಮ್ಮರನ್ನು ಹಾಕಿಸಿದ ವಾರ, ಕಾರ್ತಿಕದ ಒಂದು ಸಂಜೆ, ತಾಯಿಯವರಿಗೆ ಅದನ್ನು ತಿರುಗಿಸುವುದನ್ನು ತೋರಿಸಿಕೊಟ್ಟೆ. ಲಾಟೀನಿನ ಅಭ್ಯಾಸವಿದ್ದ ಬೆರಳುಗಳಿಗೆ ಹೆಚ್ಚು ಹೇಳಿಕೊಡಬೇಕಾಗಲಿಲ್ಲ. ಅವರು ಗುಂಡಿಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸುತ್ತ ಬಂದರು. ಗೋಡೆಗಳು ಹಿಂಜರಿದುವು, ಕಪಾಟಿನ ಗಾಜು ಕಪ್ಪಾಯಿತು, ಕುರ್ಚಿಗಳು ತಮ್ಮ ನೆರಳನ್ನು ಮರಳಿ ಪಡೆದುವು. ಇನ್ನೇನು ಆರುತ್ತದೆ ಎನ್ನುವಾಗ ಕೈ ತಡೆದು, ಅವರು ನೆಲವನ್ನು ನೋಡಿದರು. ದೇವರ ಕೋಣೆಯ ದೀಪದ ಬೆಳಕು ಹೊಸ್ತಿಲನ್ನು ದಾಟಿ, ಕೆಂಪು ಗಾರೆಯ ಮೇಲೆ ಒಂದು ಮೊಳದಷ್ಟು ಉದ್ದಕ್ಕೆ, ತುಸು ಅಲುಗುತ್ತ ಹರಡಿಕೊಂಡಿತ್ತು. ಆಗ ಅವರು ಗುಂಡಿಯನ್ನು ಬಿಟ್ಟು ಕೈ ಮುಗಿದರು.